ಏರ್ ಪೈಪ್ ಒಡೆದರೆ ಕಟ್ಟಿಕೊಂಡು ಎಲ್ಲಿವರೆಗೆ ಹೋಗಬಹುದು?

ಕೊಡಗಿನ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರೋದು ಹಳೆ ಲಾರಿಗಳ ಏರ್ ಬ್ರೇಕ್, ಅಂದರೆ ಗಾಳಿಯ ಒತ್ತಡದಿಂದ ಹಿಡಿಯುವ ಬ್ರೇಕ್ ಬಗ್ಗೆ. ರೋಬಸ್ಟಾ ಕಾಫಿ ಕೊಯ್ಲು ಮುಗಿದು ಲೋಡು ಓಡಾಡುವ ಸಮಯ, ಅದಕ್ಕೇ ಇರಬೇಕು. ಮೊದಲ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಉಳಿದವರ ಪ್ರಶ್ನೆಗೂ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ.

ಪ್ರಶ್ನೆ: ನಮಸ್ಕಾರ ಸಾರ್. ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ತೋಟದ ಕೆಲಸಕ್ಕೆ ಅಂತ ಒಂದು ಹಳೆ ಆರು ಚಕ್ರದ ಲಾರಿ ಇದೆ. ಮೊನ್ನೆ ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬರುವಾಗ, ಕೊಯನಾಡು ದಾಟಿ ಘಾಟಿ ಹತ್ತುವಾಗ, ಹಿಂದಿನಿಂದ ಬುಸ್ ಅಂತ ಸದ್ದು ಬಂತಂತೆ. ನಮ್ಮ ಡ್ರೈವರ್ ಸೈಕಲ್ ಟ್ಯೂಬ್ ಸೀಳಿ ಪೈಪಿಗೆ ಸುತ್ತಿ, ಮೇಲೆ ಬೈಂಡಿಂಗ್ ವೈರ್ ಬಿಗಿದು ಗಾಡಿ ಮನೆ ಸೇರಿಸಿದರು. ಏರ್ ಮೀಟರ್ ಮುಳ್ಳು ಇಳಿದೇ ಇಲ್ಲ, ಈಗ ಸರಿಯಾಗಿಯೇ ಇದೆ, ಪೈಪ್ ಬದಲಾಯಿಸೋದು ಬೇಡ ಅಂತಿದ್ದಾರೆ. ಮುಂದಿನ ವಾರ ಅದೇ ಗಾಡಿ ಲೋಡು ಹೊತ್ತು ಮತ್ತೆ ಮಂಗಳೂರಿಗೆ ಇಳಿಯಬೇಕು. ನಂಬಬಹುದಾ? (ಓದುಗರು, ಸುಂಟಿಕೊಪ್ಪ)

ಉತ್ತರ: ಬೇಡಿ. ಆ ಪೈಪ್ ಬದಲಾಗುವ ತನಕ ಗಾಡಿ ತೋಟದ ಗೇಟ್ ದಾಟಬಾರದು.

ನಿಮ್ಮ ಡ್ರೈವರ್ ಅನುಭವಸ್ಥರು ಅನ್ನೋದು ಗೊತ್ತಾಗುತ್ತದೆ. ಆದರೆ ಮುಳ್ಳು ಇಳಿಯಲಿಲ್ಲ ಅನ್ನೋದನ್ನೇ ಅವರು ಸಾಕ್ಷಿ ಅಂತ ಹಿಡಿದಿದ್ದಾರಲ್ಲ, ಅಲ್ಲೇ ತಪ್ಪುತ್ತಿದೆ. ಅವರು ಬಂದ ದಾರಿ, ಸಂಪಾಜೆಯಿಂದ ಮಡಿಕೇರಿಗೆ, ಏರು. ಏರಿನಲ್ಲಿ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಅದರ ಜೊತೆಗೆ ಕಂಪ್ರೆಸರ್ ಕೂಡ ಏರ್ ಟ್ಯಾಂಕಿಗೆ ಗಾಳಿ ತುಂಬುತ್ತಲೇ ಇರುತ್ತದೆ, ಬ್ರೇಕ್ ಮೇಲೆ ಕಾಲು ಇಡುವ ಪ್ರಸಂಗವೇ ಕಡಿಮೆ. ಎಷ್ಟು ಗಾಳಿ ಸೋರುತ್ತಿದೆಯೋ ಅಷ್ಟನ್ನು ಕಂಪ್ರೆಸರ್ ತುಂಬಿಕೊಟ್ಟಿದೆ. ಇಳಿಯುವಾಗ ಲೆಕ್ಕ ತಿರುಗಾ ಮುರುಗಾ. ಮಡಿಕೇರಿ ಇರೋದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, ಘಾಟಿ ಕೆಳಗಿನ ಸುಳ್ಯ ನೂರು ಚಿಲ್ಲರೆ ಮೀಟರ್‌ನಲ್ಲಿ. ಲೋಡು ಹೊತ್ತುಕೊಂಡು ಒಂದು ಸಾವಿರ ಮೀಟರ್ ಕೆಳಗಿಳಿಯಬೇಕು, ತಿರುವಿಗೊಂದು ಸಲ ಬ್ರೇಕ್ ಒತ್ತಬೇಕು, ಒತ್ತಿದಾಗೆಲ್ಲ ಟ್ಯಾಂಕಿನ ಗಾಳಿ ಖರ್ಚು. ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೆ ತುಂಬೋದೂ ನಿಧಾನ.

ಇನ್ನೂ ಒಂದು ವಿಷಯ ಇದೆ, ಇದು ಮುಖ್ಯ. ಕಾಲಿನ ಬ್ರೇಕ್ ವಾಲ್ವ್‌ನಿಂದ ಹಿಂದಿನ ಚಕ್ರಗಳಿಗೆ ಹೋಗುವ ಪೈಪಿನಲ್ಲಿ ಪೆಡಲ್ ಒತ್ತಿದಾಗ ಮಾತ್ರ ಗಾಳಿ ಇರುತ್ತದೆ. ಆ ಪೈಪಿನಲ್ಲಿ ತೂತಿದ್ದರೆ ಪೆಡಲ್ ಮುಟ್ಟದೆ ಓಡಿಸುವಷ್ಟು ಹೊತ್ತು ಮುಳ್ಳು ಅಲ್ಲಾಡೋದೇ ಇಲ್ಲ. ಬ್ರೇಕ್ ನಿಜವಾಗಿ ಬೇಕಾದ ಗಳಿಗೆಯಲ್ಲೇ ಅದು ಸೋರುತ್ತದೆ.

ಹಾಗಾಗಿ ದಾರಿಯಲ್ಲಿ ಬುಸ್ ಅಂತ ಕೇಳಿದ ಕೂಡಲೇ ಟೇಪು, ವೈರು ಹುಡುಕಬೇಡಿ. ಯಾವ ಪೈಪ್ ಅಂತ ಮೊದಲು ಗೊತ್ತಾಗಬೇಕು. ಸಮತಟ್ಟಾದ ಜಾಗ ಸಿಕ್ಕರೆ ಅಲ್ಲಿ ನಿಲ್ಲಿಸಿ. ಚಕ್ರಗಳಿಗೆ ಎರಡೂ ಕಡೆಯಿಂದ ಮರದ ತುಂಡನ್ನೋ ದೊಡ್ಡ ಕಲ್ಲನ್ನೋ ಕೊಡಿ. ಹ್ಯಾಂಡ್ ಬ್ರೇಕ್ ಹಾಕಿದೆ ಅಂತ ಇದನ್ನು ಬಿಡುವ ಹಾಗಿಲ್ಲ. ಹಿಂದೆ ದೂರದಲ್ಲಿ ತ್ರಿಕೋನದ ಫಲಕ ಇಡಿ. ಮಳೆ, ಮಂಜು ಇದ್ದರೆ ಇನ್ನೂ ದೂರ. ಆಮೇಲೆ ಎಂಜಿನ್ ಬಂದ್ ಮಾಡಿ ಕಿವಿಗೊಟ್ಟು ಕೇಳಿ.

ಏನೂ ಒತ್ತದೆ ಇದ್ದಾಗಲೂ ಸದ್ದು ಬರುತ್ತಲೇ ಇದ್ದರೆ ಅದು ಟ್ಯಾಂಕಿನ ಕಡೆಯ ಪೈಪ್, ಇಲ್ಲಾ ಹಾರ್ನಿಗೋ ಬೇರೆ ಸಾಮಾನಿಗೋ ಹೋಗುವ ಪೈಪ್. ಕ್ಲೀನರ್ ಪೆಡಲ್ ಒತ್ತಿ ಹಿಡಿದಾಗ ಮಾತ್ರ ಸದ್ದು ಬಂದರೆ ಅದು ಚಕ್ರಕ್ಕೆ ಹೋಗುವ ಬ್ರೇಕ್ ಪೈಪ್, ಅಥವಾ ಬ್ರೇಕ್ ಚೇಂಬರ್ (ಚಕ್ರದ ಹತ್ತಿರ ಗಾಳಿಯ ಬಲದಿಂದ ಬ್ರೇಕ್ ತಳ್ಳುವ ಡಬ್ಬಿ) ಒಳಗಿನ ರಬ್ಬರ್ ಡಯಾಫ್ರಾಮ್ ಹರಿದಿದೆ. ಚೇಂಬರ್‌ನ ಸಣ್ಣ ಕಂಡಿಯಿಂದಲೇ ಗಾಳಿ ಬರುತ್ತಿದ್ದರೆ ಡಯಾಫ್ರಾಮ್, ಅದಕ್ಕೆ ದಾರಿಯಲ್ಲಿ ಕಟ್ಟುವಂಥ ಔಷಧ ಇಲ್ಲ. ಪಾರ್ಕಿಂಗ್ ಬ್ರೇಕ್ ಬಿಡಿಸಿದಾಗ ಮಾತ್ರ ಸದ್ದು ಅಂದರೆ ಸ್ಪ್ರಿಂಗ್ ಬ್ರೇಕಿನ (ಗಾಳಿ ಇಳಿದರೆ ತಾನಾಗಿ ಹಿಡಿಯುವ ಬ್ರೇಕಿನ) ಪೈಪ್. ಚಕ್ರಕ್ಕೆ ಅಡ್ಡ ಕೊಟ್ಟಿಲ್ಲದಿದ್ದರೆ ಈ ಕೊನೆಯದನ್ನು ಪರೀಕ್ಷೆ ಮಾಡಲೇಬೇಡಿ.

ಜಾಗ ಸರಿಯಾಗಿ ಸಿಗದಿದ್ದರೆ ಸೋಪಿನ ನೀರು ಹಾಕಿ, ಗುಳ್ಳೆ ಏಳುವ ಕಡೆ ತೂತು. ಹಳೆ ಲಾರಿಗಳಲ್ಲಿ ಹೆಚ್ಚಿನ ಸಲ ತೂತು ಬೀಳೋದು ಪೈಪಿನ ನಡುವೆ ಸುಮ್ನೆ ಎಲ್ಲೋ ಅಲ್ಲ. ಚಾಸಿಗೆ ಪೈಪ್ ಹಿಡಿದಿರುವ ಕ್ಲಿಪ್ ಬಿದ್ದುಹೋಗಿರುತ್ತದೆ, ಪೈಪ್ ಜೋತುಬಿದ್ದು ಕಬ್ಬಿಣದ ಅಂಚಿಗೆ ಉಜ್ಜುತ್ತಿರುತ್ತದೆ. ಕೆಸರು ಒರೆಸಿ ನೋಡಿದರೆ ಕಪ್ಪು ಪೈಪಿನ ಒಂದು ಬದಿ ಬೆರಳ ಉಗುರಿನಷ್ಟು ಅಗಲಕ್ಕೆ ಚಪ್ಪಟೆಯಾಗಿ, ಸವೆದು ಹೊಳೆಯುತ್ತಿರುತ್ತದೆ, ಅದರ ಮಧ್ಯೆ ಸೂಜಿಮೊನೆಯಷ್ಟು ತೂತು. ತೂತು ಸೂಜಿಮೊನೆಯಷ್ಟೇ ಇದ್ದರೂ ಸುತ್ತಲಿನ ಗೋಡೆ ಕಾಗದದಷ್ಟು ತೆಳ್ಳಗಾಗಿದೆ ಅನ್ನೋದು ಮರೆಯಬಾರದು. ಮೇಲೆ ಟ್ಯೂಬ್ ಸುತ್ತಿದರೆ ತೂತು ಮುಚ್ಚುತ್ತದೆ, ಗೋಡೆ ದಪ್ಪ ಆಗೋದಿಲ್ಲ.

ಒತ್ತಡ ಎಷ್ಟಿರುತ್ತದೆ ಅನ್ನೋದೂ ತಿಳಿದಿರಲಿ. ಟ್ಯಾಂಕಿನಲ್ಲಿ ಸಾಮಾನ್ಯವಾಗಿ 7ರಿಂದ 8 ಬಾರ್, ಅಂದರೆ ನೂರು ಪಿಎಸ್ಐ ಮೇಲೆ, ಹೆಚ್ಚುಕಮ್ಮಿ ನಿಮ್ಮ ಲಾರಿ ಟೈರಿನಲ್ಲಿ ಇರುವಷ್ಟು. ಒಳವ್ಯಾಸ 8 ಮಿ.ಮೀ. ಇರುವ ಪೈಪಿನ ತುದಿಯನ್ನು 8 ಬಾರ್ ಗಾಳಿ ಸುಮಾರು 4 ಕೆ.ಜಿ. ಬಲದಿಂದ ಹೊರಗೆ ತಳ್ಳುತ್ತದೆ. ಇನ್ಸುಲೇಷನ್ ಟೇಪು ಇದರ ಮುಂದೆ ನಿಲ್ಲೋದಿಲ್ಲ. ಟ್ಯೂಬ್ ಪಟ್ಟಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಗಾಡಿಯನ್ನು ತಿರುವಿನಿಂದ ಪಕ್ಕಕ್ಕೆ ತೆಗೆಯೋಕೆ ಅಷ್ಟು ಸಾಕು.

ದಾರಿಯಲ್ಲಿ ಮಾಡಬಹುದಾದ ಸರಿಯಾದ ರಿಪೇರಿ ಅಂದರೆ ಯೂನಿಯನ್, ಅಂದರೆ ಪೈಪಿನ ಎರಡು ತುದಿ ಸೇರಿಸುವ ಜಾಯಿಂಟ್, ಹಾಕೋದು. ಮೊದಲು ಆ ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ಗಾಳಿ ಇರುವಾಗ ನಟ್ ಸಡಿಲಿಸಿದರೆ ಪೈಪ್ ಹಾವಿನಂತೆ ಬಡಿದು ಕಣ್ಣಿಗೇ ಬರುತ್ತದೆ. ಗಾಳಿ ಹೋದ ಮೇಲೆ ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೆ ಗಾಡಿಯಲ್ಲಿ ಕಾಲಿನ ಬ್ರೇಕ್ ಇರೋದೇ ಇಲ್ಲ, ಕೈ ಬ್ರೇಕ್ ಬಿಟ್ಟರೆ ಚಕ್ರಕ್ಕೆ ಕೊಟ್ಟ ಅಡ್ಡವೇ ಗತಿ. ಸವೆದ ಭಾಗವನ್ನು ಎರಡೂ ಕಡೆ ಗಟ್ಟಿ ಪೈಪ್ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಕಟಿಂಗ್ ಪ್ಲೇಯರ್‌ನಿಂದ ಕಚ್ಚಿದರೆ ತುದಿ ಚಪ್ಪಟೆಯಾಗಿ ಎಷ್ಟು ಬಿಗಿದರೂ ಸೋರುತ್ತದೆ. ತುದಿಯೊಳಗೆ ಹಿತ್ತಾಳೆಯ ಸಣ್ಣ ಕೊಳವೆ ಇಡಲೇಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದೆ ನಟ್ ಬಿಗಿದರೆ ನೈಲಾನ್ ಪೈಪ್ ಒಳಕ್ಕೆ ಕುಗ್ಗುತ್ತದೆ, ಆಗ ಬಿಗಿಯಾದಂತೆ ಕಂಡರೂ ಬಿಸಿಗೆ, ಕುಲುಕಾಟಕ್ಕೆ ಜಾರಿ ಹೊರಬರುತ್ತದೆ. ಕೊಳವೆ, ಹೊರಗಿನ ಉಂಗುರ, ನಟ್, ಎಲ್ಲ ಸೇರಿಸಿ ಬಿಗಿದ ಮೇಲೆ ಗಾಳಿ ತುಂಬಿ, ಪೆಡಲ್ ಒತ್ತಿ ಹಿಡಿದು ಮತ್ತೆ ಸೋಪಿನ ನೀರು ಹಾಕಿ ನೋಡಿ. ಕತ್ತರಿಸಿದ ಮೇಲೆ ಪೈಪ್ ಗಿಡ್ಡವಾದರೆ ಎಳೆದು ಕೂಡಿಸಬೇಡಿ, ಮಧ್ಯೆ ಹೊಸ ತುಂಡು ಹಾಕಿ ಎರಡು ಯೂನಿಯನ್ ಬಳಸಿ. ಸ್ಪ್ರಿಂಗ್ ಮೇಲೆ ಆಡುವ ಆ್ಯಕ್ಸೆಲ್ ಹತ್ತಿರ ಎಳೆದು ಕೂಡಿಸಿದ ಪೈಪ್ ಮೊದಲ ಗುಂಡಿಗೇ ಕಿತ್ತು ಬರುತ್ತದೆ.

ಚಾಸಿ ಮತ್ತು ಚಕ್ರದ ನಡುವಿನ ರಬ್ಬರ್ ಹೋಸ್ ಒಡೆದಿದ್ದರೆ ಇದ್ಯಾವುದೂ ಬೇಡ. ಅದು ಪ್ರತಿ ತಿರುವಿಗೂ ಬಳುಕುವ ಹೋಸ್, ಮಧ್ಯೆ ಜಾಯಿಂಟ್ ಹಾಕುವಂಥದ್ದಲ್ಲ. ಹೊಸದೇ ತರಿಸಿ.

ಕೆಲವರು ಸೋರುವ ಚಕ್ರದ ಪೈಪನ್ನು ಮಡಚಿ ಕಟ್ಟಿ, ಉಳಿದ ಚಕ್ರಗಳ ಬ್ರೇಕಿನಲ್ಲಿ ಹೋಗೋಣ ಅಂತಾರೆ. ರಿಪೇರಿಗೆ ಅಂತ ನೂರು ಅಡಿ ಗಾಡಿ ಸರಿಸೋಕೆ ಆದೀತು. ಘಾಟಿಗೆ ಖಂಡಿತ ಬೇಡ. ಒಂದು ಪಕ್ಕದ ಚಕ್ರಕ್ಕೆ ಬ್ರೇಕ್ ಇಲ್ಲದೆ ಒದ್ದೆ ರಸ್ತೆಯಲ್ಲಿ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ನಮ್ಮ ರಸ್ತೆಗಳಲ್ಲಿ ಒಂದು ಕಡೆ ಅಂದರೆ ಬರೆ, ಇನ್ನೊಂದು ಕಡೆ ಅಂದರೆ ಪ್ರಪಾತ ಅಲ್ವಾ?

ನಿಮ್ಮ ಗಾಡಿಯ ವಿಷಯಕ್ಕೆ ಬಂದರೆ, ಮೆಕ್ಯಾನಿಕ್‌ನನ್ನು ತೋಟಕ್ಕೇ ಕರೆಸಿ. ಆ ಪೈಪನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಪೂರ್ತಿ ಬದಲಾಯಿಸಿ, ಬಿದ್ದುಹೋದ ಕ್ಲಿಪ್ ಹಾಕಿಸಿ. ಅದೇ ವಯಸ್ಸಿನ ಬೇರೆ ಪೈಪುಗಳೂ ಅದೇ ಚಾಸಿಗೆ ಉಜ್ಜಿಕೊಂಡು ಇರುತ್ತವೆ, ಅವನ್ನೂ ಕೈಯಾಡಿಸಿ ನೋಡಿಸಿ. ಲೋಡಿನ ಬಾಡಿಗೆಗೆ ಹೋಲಿಸಿದರೆ ನೈಲಾನ್ ಪೈಪಿನ ಬೆಲೆ ಲೆಕ್ಕಕ್ಕೇ ಇಲ್ಲ.

ಪ್ರಶ್ನೆ: ಮಾಕುಟ್ಟ ಘಾಟಿಯಲ್ಲಿ ಒಂದು ತಿರುವಿನಲ್ಲಿ ಲಾರಿ ತಾನಾಗಿ ಲಾಕ್ ಆಗಿ ನಿಂತುಬಿಟ್ಟಿತು. ಏರ್ ಖಾಲಿ ಅಂದರು. ಏರ್ ಹೋದರೆ ಬ್ರೇಕ್ ಹೋಗಬೇಕಲ್ವಾ, ಹಿಡಿದುಕೊಂಡಿದ್ದು ಹೇಗೆ? ಯಾರೋ ಬಂದು ಹಿಂದಿನ ಚೇಂಬರ್‌ನ ಬೋಲ್ಟ್ ತಿರುಗಿಸಿ ಬಿಡಿಸಿದರು. ಅದನ್ನು ನಾವೂ ಕಲಿತುಕೊಳ್ಳಬಹುದಾ? (ಓದುಗರು, ವಿರಾಜಪೇಟೆ)

ಉತ್ತರ: ಆ ಲಾರಿಯಲ್ಲಿ ಸ್ಪ್ರಿಂಗ್ ಬ್ರೇಕ್ ಇತ್ತು. ಹಿಂದಿನ ಚೇಂಬರ್ ಒಳಗೆ ದಪ್ಪ ಸ್ಪ್ರಿಂಗ್ ಒಂದು ಇರುತ್ತದೆ, ಅದನ್ನು ಗಾಳಿ ಒತ್ತಿ ಹಿಡಿದಿರುತ್ತದೆ. ಗಾಳಿ ಇಳಿದರೆ ಸ್ಪ್ರಿಂಗ್ ಬಿಚ್ಚಿಕೊಂಡು ಬ್ರೇಕ್ ಹಿಡಿಯುತ್ತದೆ.

ಗಾಳಿ ಹೋದರೆ ಬ್ರೇಕ್ ಹಿಡಿಯಬೇಕು ಅನ್ನುವ ಯೋಚನೆ ರೈಲಿನಿಂದ ಬಂದದ್ದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಮಾಡಿದ ಮೊದಲ ಏರ್ ಬ್ರೇಕ್‌ನಲ್ಲಿ ಪೈಪ್ ಒಡೆದರೆ ಬ್ರೇಕೇ ಇರುತ್ತಿರಲಿಲ್ಲ. 1872ರಲ್ಲಿ ಆತನೇ ಅದನ್ನು ಉಲ್ಟಾ ಮಾಡಿದ, ಪೈಪಿನಲ್ಲಿ ಗಾಳಿ ಇಳಿದರೆ ಬ್ರೇಕ್ ಹಿಡಿಯುವ ಹಾಗೆ. ಲಾರಿಯ ಸ್ಪ್ರಿಂಗ್ ಬ್ರೇಕಿನ ಕೆಲಸ ಬೇರೆ ರೀತಿಯದು, ಉದ್ದೇಶ ಅದೇ. ಬಹಳ ಹಳೆ ಲಾರಿಗಳಲ್ಲಿ ಇದು ಇಲ್ಲ, ಅವುಗಳಲ್ಲಿ ಗಾಳಿ ಹೋದರೆ ಕೈ ಬ್ರೇಕ್ ಒಂದೇ ಉಳಿಯೋದು. ನಿಮ್ಮ ಗಾಡಿ ಯಾವ ಜಾತಿ ಅಂತ ಇವತ್ತೇ ಕೇಳಿ ತಿಳಿದುಕೊಳ್ಳಿ.

ಬೋಲ್ಟ್ ವಿಷಯ. ಆ ಬೋಲ್ಟ್ ಸ್ಪ್ರಿಂಗನ್ನು ಮತ್ತೆ ಒತ್ತಿ ಹಿಡಿಯೋಕೆ ಇದೆ, ಕಲಿಯಬಹುದು. ಆದರೆ ಎರಡೂ ಕಡೆ ಬೋಲ್ಟ್ ಬಿಗಿದ ಮೇಲೆ ಆ ಲಾರಿಗೆ ಪಾರ್ಕಿಂಗ್ ಬ್ರೇಕೂ ಇಲ್ಲ, ತಾನಾಗಿ ಹಿಡಿಯುವ ಬ್ರೇಕೂ ಇಲ್ಲ. ಟ್ಯಾಂಕಿನಲ್ಲೂ ಗಾಳಿ ಇಲ್ಲ ಅಂದರೆ ಏನೂ ಇಲ್ಲ. ಹಾಗಾಗಿ ಚಕ್ರಕ್ಕೆ ಅಡ್ಡ ಕೊಡದೆ ಬೋಲ್ಟ್ ಮುಟ್ಟಬಾರದು. ಬಿಡಿಸಿದ ಮೇಲೂ ಕ್ರೇನ್ ಅಥವಾ ಗಟ್ಟಿ ಟೋ ಬಾರ್ ಹಿಡಿದಿರುವಾಗ ಪಕ್ಕಕ್ಕೆ ಎಳೆಯೋಕೆ ಮಾತ್ರ. ಹಿಂದೆ ಸಾಲು ನಿಂತವರು ಹಾರ್ನ್ ಹೊಡೆದು ಅವಸರ ಮಾಡುತ್ತಾರೆ, ಮಾಡಲಿ. ಬೋಲ್ಟ್ ಬಿಗಿದುಕೊಂಡು ಪೆರುಂಬಾಡಿ ಕಡೆ ಹತ್ತುತ್ತೇನೆ, ಇಲ್ಲಾ ಕೂಟುಪುಳ ಕಡೆ ಇಳಿಯುತ್ತೇನೆ ಅನ್ನೋದು ಎರಡೂ ಜೀವಕ್ಕೆ ಅಪಾಯ.

ಇನ್ನು ಚೇಂಬರ್ ಸುತ್ತಲಿನ ಪಟ್ಟಿಯ ಬೋಲ್ಟನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ನೂರಾರು ಕೆ.ಜಿ. ಬಲದಲ್ಲಿ ಒತ್ತಿಕೊಂಡಿರುತ್ತದೆ, ಹಾರಿದರೆ ಎದುರಿಗಿದ್ದವರು ಉಳಿಯೋದಿಲ್ಲ.

ಪ್ರಶ್ನೆ: ಏರ್ ಹಾರ್ನ್ ಪೈಪ್ ಕಿತ್ತುಬಂದು ಟ್ಯಾಂಕ್ ಖಾಲಿಯಾಗುತ್ತಿತ್ತು. ಮಡಚಿ ಕಟ್ಟಿ ಬಂದೆ. ತಪ್ಪಾ? (ಓದುಗರು, ಶನಿವಾರಸಂತೆ)

ಉತ್ತರ: ಸರಿಯಾದ ಕೆಲಸ. ಹಾರ್ನ್ ಇಲ್ಲದೆ ಬ್ರೇಕ್ ಕೆಲಸ ಮಾಡುತ್ತದೆ. ಮಡಚಿ ಕಟ್ಟೋದಕ್ಕಿಂತ ಟೀ ಜಾಯಿಂಟ್‌ನಲ್ಲೇ ಬಿಚ್ಚಿ, ಅಳತೆಗೆ ಸರಿಯಾದ ಪ್ಲಗ್ ಹಾಕಿದರೆ ಇನ್ನೂ ಗಟ್ಟಿ. ತಿರುವುಗಳಲ್ಲಿ ಕೂಗಲು ಕರೆಂಟಿನ ಹಾರ್ನ್ ಇದೆಯಾ ನೋಡಿಕೊಳ್ಳಿ. ಕ್ಲಚ್ ಬೂಸ್ಟರ್‌ಗೆ ಹೋಗುವ ಪೈಪನ್ನು ಮುಚ್ಚುವಾಗ ಮಾತ್ರ ಯೋಚಿಸಿ. ಬ್ರೇಕ್ ಉಳಿಯುತ್ತದೆ, ಕ್ಲಚ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಘಾಟಿಯಲ್ಲಿ ಗೇರ್ ಬದಲಾಯಿಸೋದು ಕಷ್ಟ.

ಪ್ರಶ್ನೆ: ಕಂಪ್ರೆಸರ್‌ನಿಂದ ಹೊರಬರುವ ಕಬ್ಬಿಣದ ಪೈಪ್ ನಟ್ ಹತ್ತಿರ ಸೀಳಿತ್ತು. ನೈಲಾನ್ ಪೈಪ್ ಹಾಕಿಕೊಂಡು ಕುಶಾಲನಗರ ಸೇರೋಣ ಅಂತ ಹೊರಟೆವು, ಸ್ವಲ್ಪ ದೂರದಲ್ಲೇ ಉಬ್ಬಿ ಒಡೆಯಿತು. ಪೈಪ್ ಕಳಪೆಯಾ? (ಓದುಗರು, ಸೋಮವಾರಪೇಟೆ)

ಉತ್ತರ: ಪೈಪಿನ ತಪ್ಪಲ್ಲ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಕಂಪ್ರೆಸರ್ ಬಾಯಲ್ಲಿ ಅದು 150 ಡಿಗ್ರಿ ದಾಟುವುದೂ ಉಂಟು. ಬ್ರೇಕಿನ ನೈಲಾನ್ ಪೈಪ್ ಅಷ್ಟು ಬಿಸಿಗೆ ಮಾಡಿದ್ದಲ್ಲ. ಅದಕ್ಕೇ ಆ ಭಾಗದಲ್ಲಿ ಲೋಹದ ಪೈಪೋ ಬಿಸಿ ತಡೆಯುವ ಹೋಸೋ ಇರೋದು. ಅಲ್ಲಿ ಒಡೆದರೆ ಗಾಡಿ ನಿಲ್ಲಿಸಿ, ಅದೇ ಅಳತೆಯ ಪೈಪ್ ತರಿಸಬೇಕು. ಟ್ಯಾಂಕಿನಲ್ಲಿ ಉಳಿದ ಗಾಳಿ ಗಾಡಿಯನ್ನು ಸುರಕ್ಷಿತ ಜಾಗಕ್ಕೆ ಸೇರಿಸೋಕೆ ಅಂತ ತಿಳಿಯಿರಿ. ಗಾಳಿ ಕಡಿಮೆ ಅಂತ ಎಚ್ಚರಿಸುವ ಬಜರ್ ಕೂಗೋಕೆ ಶುರುವಾದರೆ ಆ ಗಾಳಿಯೂ ಮುಗಿಯುತ್ತಾ ಬಂತು ಅಂತ ಅರ್ಥ.

ಪ್ರಶ್ನೆ: ಸಾರ್, ನಾನು ಪೊನ್ನಂಪೇಟೆ ಹತ್ತಿರ ಮನೆಯ ತೋಟ ನೋಡಿಕೊಳ್ಳುತ್ತೇನೆ. ಕಾಫಿ ಸಾಗಿಸಲು ಬಾಡಿಗೆ ಲಾರಿ ಕರೆಸುತ್ತೇವೆ. ಲಾರಿ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಲೋಡು ತುಂಬುವ ಮೊದಲು ಹೆಂಗಸರೂ ನಿಂತು ನೋಡಬಹುದಾದ ಪರೀಕ್ಷೆ ಏನಾದರೂ ಇದೆಯಾ? (ಓದುಗರು, ಪೊನ್ನಂಪೇಟೆ)

ಉತ್ತರ: ಇದೆ ಮೇಡಂ, ಮೂರು ನಿಮಿಷದ ಕೆಲಸ, ಕೈ ಕೊಳೆಯಾಗೋದಿಲ್ಲ. ಲಾರಿ ಸಮತಟ್ಟಿನಲ್ಲಿ ನಿಂತು ಚಕ್ರಕ್ಕೆ ಅಡ್ಡ ಕೊಟ್ಟಿರಲಿ. ಗಾಳಿ ಪೂರ್ತಿ ತುಂಬುವವರೆಗೆ ಎಂಜಿನ್ ಓಡಿಸಲು ಹೇಳಿ. ತುಂಬಿದಾಗ ಪುಸ್ ಅಂತ ಒಂದು ಸದ್ದು ಬರುತ್ತದೆ, ಅದು ಸೋರಿಕೆ ಅಲ್ಲ. ಎಂಜಿನ್ ಬಂದ್ ಮಾಡಿಸಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ ಒಂದು ನಿಮಿಷ ಮೀಟರ್ ನೋಡಿ. ಆಮೇಲೆ ಡ್ರೈವರ್ ಪೆಡಲ್ ಗಟ್ಟಿಯಾಗಿ ಒತ್ತಲಿ. ಒತ್ತಿದ ಕೂಡಲೇ ಮುಳ್ಳು ಸ್ವಲ್ಪ ಇಳಿಯುತ್ತದೆ, ಅದು ಸಹಜ. ಅಲ್ಲಿಂದ ಇನ್ನೊಂದು ನಿಮಿಷ ಹಿಡಿದಿರಲಿ. ಅಮೆರಿಕದಲ್ಲಿ ಲಾರಿ ಲೈಸೆನ್ಸ್ ಪರೀಕ್ಷೆಗೆ ಇಟ್ಟ ಮಿತಿ ಹೀಗಿದೆ: ಟ್ರೇಲರ್ ಇಲ್ಲದ ಗಾಡಿಯಲ್ಲಿ ಬ್ರೇಕ್ ಒತ್ತದೆ ಇದ್ದಾಗ ನಿಮಿಷಕ್ಕೆ 2 ಪಿಎಸ್ಐ, ಒತ್ತಿ ಹಿಡಿದಾಗ 3 ಪಿಎಸ್ಐ, ಅದಕ್ಕಿಂತ ಜಾಸ್ತಿ ಇಳಿಯಬಾರದು. ಬಾರ್ ಲೆಕ್ಕದಲ್ಲಿ 3 ಪಿಎಸ್ಐ ಅಂದರೆ 0.2. ನಮ್ಮ ಹಳೆ ಲಾರಿ ಮೀಟರ್‌ನಲ್ಲಿ ಅಷ್ಟು ಸಣ್ಣ ಇಳಿತ ಕಣ್ಣಿಗೆ ಕಾಣೋದೇ ಕಷ್ಟ. ಹಾಗಾಗಿ ಸುಲಭದ ಲೆಕ್ಕ ಹೇಳುತ್ತೇನೆ, ಆ ಒಂದು ನಿಮಿಷದಲ್ಲಿ ಮುಳ್ಳು ಇಳಿಯೋದು ನಿಮಗೆ ಸ್ಪಷ್ಟವಾಗಿ ಕಂಡರೆ ಲೋಡು ತುಂಬಿಸಬೇಡಿ. ಮೀಟರೇ ಕೆಲಸ ಮಾಡುತ್ತಿಲ್ಲ ಅಂದರೆ ಪರೀಕ್ಷೆಯೂ ಬೇಡ, ಬೇರೆ ಲಾರಿ ಕರೆಸಿ. ಡ್ರೈವರ್ ಗೊಣಗಬಹುದು, ಗೊಣಗಲಿ, ನಿಮ್ಮ ಲೋಡು ಮಾತ್ರ ಅಲ್ಲ, ಅವರ ಜೀವವೂ ಅದೇ ಗಾಡಿಯಲ್ಲಿ ಇರೋದು.

ಪ್ರಶ್ನೆ: ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಏರ್ ಸೋರುವ ಗಾಡಿಗೆ ಇದರಿಂದ ತೊಂದರೆಯಾ? (ಓದುಗರು, ಮಡಿಕೇರಿ)

ಉತ್ತರ: ಸೋರದ ಗಾಡಿಗೂ ತೊಂದರೆಯೇ, ಸೋರುವ ಗಾಡಿಗಂತೂ ಕೇಳಲೇಬೇಡಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಹಿಡಿತ ಇಲ್ಲ, ಹೊಗೆ ತಡೆದು ಎಂಜಿನ್ ಹಿಡಿತ ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೂ ಉಪಯೋಗವಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಅದೇ ಹೊತ್ತಿಗೆ ಕಂಪ್ರೆಸರ್ ಅತಿ ನಿಧಾನ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಗಾಡಿಯನ್ನು ಹಿಡಿಯುತ್ತದೆ, ಜೋರಾಗಿ ತಿರುಗಿ ಗಾಳಿಯನ್ನೂ ತುಂಬುತ್ತದೆ. 24 ಚದರ ಇಂಚಿನ ಬ್ರೇಕ್ ಚೇಂಬರ್‌ಗೆ 6 ಬಾರ್ ಗಾಳಿ ಸಿಕ್ಕರೆ ಅದು ಸುಮಾರು 950 ಕೆ.ಜಿ. ಬಲದಲ್ಲಿ ತಳ್ಳುತ್ತದೆ, 3 ಬಾರ್ ಸಿಕ್ಕರೆ ಅದರ ಅರ್ಧ. ಲೋಡು ಮಾತ್ರ ಅರ್ಧ ಆಗೋದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಟ್ಯಾಂಕಿನಿಂದ ತುಂಬಾ ನೀರು ಬರುತ್ತದೆ. ಎಲ್ಲಿಂದ ಒಳಗೆ ಹೋಗುತ್ತದೆ? (ಓದುಗರು, ಭಾಗಮಂಡಲ)

ಉತ್ತರ: ಮಳೆ ನೀರು ಒಳಗೆ ಹೋಗಿಲ್ಲ. ಗಾಳಿಯಲ್ಲಿರುವ ತೇವವೇ ಟ್ಯಾಂಕಿನಲ್ಲಿ ತಣ್ಣಗಾಗಿ ನೀರಾಗುತ್ತದೆ, ಭಾಗಮಂಡಲದ ಜೂನ್-ಜುಲೈ ಗಾಳಿಯಲ್ಲಿ ತೇವಕ್ಕೇನು ಬರ ಹೇಳಿ. ಏರ್ ಡ್ರೈಯರ್ ಇಲ್ಲದ ಹಳೆ ಗಾಡಿಯಲ್ಲಿ ಪ್ರತಿ ಸಂಜೆ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡಿ, ಎಲ್ಲ ಟ್ಯಾಂಕಿನಿಂದಲೂ. ನೀರು ನಿಂತರೆ ಕಬ್ಬಿಣದ ಪೈಪ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ವಾಲ್ವ್‌ಗಳಲ್ಲಿ ಸಿಕ್ಕಿಕೊಂಡು ಹೊಸ ಸೋರಿಕೆ ಶುರು. ನೀರಿನ ಜೊತೆ ಎಣ್ಣೆ ಕಲಸಿದ ಬೂದುಬಣ್ಣದ ಲೋಳೆ ಬರುತ್ತಿದ್ದರೆ ಕಂಪ್ರೆಸರ್ ಎಣ್ಣೆ ಎಸೆಯುತ್ತಿದೆ ಅಂತ ತಿಳಿಯಿರಿ. ಅದು ರಬ್ಬರ್ ಭಾಗಗಳನ್ನು ತಿನ್ನುತ್ತದೆ, ಬೇಗ ತೋರಿಸಿ.

ಪ್ರಶ್ನೆ: ಗಾಡಿಯಲ್ಲಿ ಏನೇನು ಇಟ್ಟುಕೊಂಡಿರಬೇಕು? ಜಾಯಿಂಟ್‌ಗೆ ಟೆಫ್ಲಾನ್ ಟೇಪ್ ಸುತ್ತಬಹುದಾ? (ಓದುಗರು, ಗೋಣಿಕೊಪ್ಪ)

ಉತ್ತರ: ನಿಮ್ಮ ಗಾಡಿಯಲ್ಲಿ ಯಾವ್ಯಾವ ಅಳತೆಯ ಪೈಪ್ ಇದೆ ಅಂತ ಮೊದಲು ಅಳೆದು ಬರೆದಿಟ್ಟುಕೊಳ್ಳಿ. 6, 8, 10, 12 ಮಿ.ಮೀ., ಇದು ಹೊರವ್ಯಾಸದ ಲೆಕ್ಕ. ಪ್ರತಿ ಅಳತೆಗೂ ಎರಡೆರಡು ಯೂನಿಯನ್, ಒಳಗಿಡುವ ಹಿತ್ತಾಳೆ ಕೊಳವೆ ಸಮೇತ, ಒಂದೊಂದು ಮೀಟರ್ ಪೈಪ್, ಹೊಂದುವ ಸ್ಪ್ಯಾನರ್, ಬ್ಲೇಡ್, ಟಾರ್ಚ್, ಒಂದು ಬಾಟಲಿ ಸೋಪಿನ ನೀರು. ಅಡ್ಡ ಕೊಡಲು ಎರಡು ಮರದ ತುಂಡು ಗಾಡಿಯಲ್ಲೇ ಇರಲಿ, ಘಾಟಿಯಲ್ಲಿ ಕತ್ತಲಲ್ಲಿ ಕಲ್ಲು ಹುಡುಕೋದು ಬೇಡ. ಯೂನಿಯನ್ ಕೊಳ್ಳುವಾಗ ಲಾರಿ ಬ್ರೇಕಿಗೆ ಅಂತ ಕೇಳಿಯೇ ತೆಗೆದುಕೊಳ್ಳಿ. ಕಾರ್ಖಾನೆ ಮೆಷಿನ್‌ಗಳಿಗೆ ಬಳಸುವ ಪ್ಲಾಸ್ಟಿಕ್ಕಿನ ಒತ್ತಿ ಕೂರಿಸುವ ಜಾಯಿಂಟ್ ನೋಡಲು ಹಾಗೇ ಇರುತ್ತದೆ, ಅಗ್ಗಕ್ಕೂ ಸಿಗುತ್ತದೆ, ಆದರೆ ಲಾರಿಯ ಕುಲುಕಾಟ ಅದು ತಡೆಯೋದಿಲ್ಲ.

ಟೆಫ್ಲಾನ್ ಟೇಪ್ ಯೂನಿಯನ್ ನಟ್‌ಗೆ ಬೇಡ. ಅಲ್ಲಿ ಗಾಳಿ ತಡೆಯೋದು ಒಳಗಿನ ಉಂಗುರ, ಮರೆ (ತಿರುಪಿನ ಗೆರೆ) ಅಲ್ಲ. ಮರೆಯೇ ಗಾಳಿ ತಡೆಯುವ ಕಡೆ, ಅಂದರೆ ತುದಿಗೆ ಕಿರಿದಾಗುವ ಮರೆಯ ನಿಪ್ಪಲ್‌ಗೆ, ಸುತ್ತಬಹುದು. ಮೊದಲ ಎರಡು ಸುತ್ತು ಮರೆ ಬಿಟ್ಟು ಶುರು ಮಾಡಿ. ತುದಿಯಿಂದಲೇ ಸುತ್ತಿದರೆ ಟೇಪಿನ ಚೂರು ಕಿತ್ತು ಪೈಪಿನೊಳಗೆ ಹೋಗಿ ಬ್ರೇಕ್ ವಾಲ್ವ್‌ನಲ್ಲಿ ಕೂರುತ್ತದೆ.